ಓವರ್‌ಲಾಕ್ ಮಷಿನ್ ಬಗ್ಗೆ ಕೇಳಿದರೆ ಉತ್ತರವೆಲ್ಲ ಬಿಡಿ ಅಕ್ಷರದಲ್ಲಿ ಬಂದಿದೆ, ಯಾರಾದರೂ ಬಿಡಿಸಿ ಹೇಳಿ

ನಿಟ್ಟುವಳ್ಳಿ_ಟೈಲರ್:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ್ ಕೆಲಸವೇ ಜಾಸ್ತಿ. ಈಚೆಗೆ ಬಟ್ಟೆಯ ಅಂಚು ನೂಲು ಬಿಚ್ಚದಂತೆ ಹೊಲಿಯುವ ನಾಲ್ಕು ದಾರದ ಓವರ್‌ಲಾಕ್ ಮಷಿನ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಲೂಪರ್ ಅಂದರೆ ಸೂಜಿ ದಾರಕ್ಕೆ ಇನ್ನೊಂದು ದಾರ ಹೆಣೆಯುವ ಕೊಕ್ಕೆ, ಅದರಲ್ಲಿ ಕೆಳಗಿನದರ ದಾರ ಪದೇ ಪದೇ ಕಟ್ ಆಗುತ್ತಿದೆ. ಮೆಕ್ಯಾನಿಕ್ ಕೇಳಿದರೆ ಹಬ್ಬ ಮುಗಿಯಲಿ ಅಂದರು. ಹಬ್ಬದ ಮುಂಚೆ ತಾನೇ ನನಗೆ ಕೆಲಸ! ಅದಕ್ಕೆ ಹೊರದೇಶದವರೇ ಜಾಸ್ತಿ ಇರುವ ಒಂದು ಹೊಲಿಗೆ ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ಇಂಗ್ಲಿಷ್ ಓದಲು ಬರುತ್ತದೆ, ನಿಧಾನಕ್ಕೆ ಬರೆಯಲೂ ಬರುತ್ತದೆ. ಆದರೆ ಬಂದ ಉತ್ತರ ನೋಡಿ ತಲೆ ಕೆಟ್ಟುಹೋಯಿತು. ಕನ್ನಡ ಅಕ್ಷರದಲ್ಲೇ ಹಾಕುತ್ತೇನೆ, ನೋಡಿ.

ಮೊದಲನೆಯವರು ಬರೆದದ್ದು ಒಂದೇ ಪದ, "ಫಾಲೋಯಿಂಗ್". ಎರಡನೆಯವರು, "ಐಐಆರ್‌ಸಿ, ಲೋಯರ್ ಲೂಪರ್ ಬಿಫೋರ್ ನೀಡಲ್ಸ್. ವೈಎಂಎಂವಿ. ಎಚ್‌ಟಿಎಚ್". ಮೂರನೆಯವರು, "ಓಪಿ, ಪಿಕ್ ಪ್ಲೀಸ್". ಆಮೇಲೆ ಯಾರೋ "ಆರ್‌ಟಿಎಫ್‌ಎಂ" ಅಂತ ಹಾಕಿದರು. ಅದರ ಕೆಳಗೆ ಇನ್ನೊಬ್ಬರು "ಎಸ್‌ಎಂಎಚ್" ಅಂದರು, ಅದಕ್ಕೆ ಬೇಕಾದಷ್ಟು ಲೈಕ್ ಬಂದಿದೆ. ನಡುವೆ ಒಬ್ಬರು "ಬಂಪ್". ಕೊನೆಗೊಬ್ಬರು, "ಡಿಎಂ ಮಿ, ಐ ಕ್ಯಾನ್ ಫಿಕ್ಸ್".

ಮಗಳು ಸರ್ಚ್ ಮಾಡಮ್ಮ ಅಂತಾಳೆ. ಮಾಡಿದರೆ ಓಪಿ ಅನ್ನುವುದಕ್ಕೆ ಆಸ್ಪತ್ರೆಯ ಹೊರರೋಗಿ ಅಂತಲೂ ಬರುತ್ತದೆ, ಗೇಮ್‌ನಲ್ಲಿ ಭಾರಿ ಬಲ ಇರುವವನು ಅಂತಲೂ ಬರುತ್ತದೆ. ಇದರಲ್ಲಿ ನಾನು ಯಾವುದು? ಯಾರು ಸಹಾಯ ಮಾಡುತ್ತಿದ್ದಾರೆ, ಯಾರು ಬೈಯುತ್ತಿದ್ದಾರೆ, ಅಷ್ಟಾದರೂ ಗೊತ್ತಾದರೆ ಸಾಕು. ಎಲ್ಲರಿಗೂ ಸುಮ್ನೆ ಥ್ಯಾಂಕ್ಸ್ ಹೇಳಿಬಿಡಲಾ?


ಪಿಬಿ_ರೋಡ್_ಹುಡುಗ:

ಅಕ್ಕಾ, ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಡಿ, ತಡೆಯಿರಿ. ನಾನೂ ದಾವಣಗೆರೆಯವನೇ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಿನವಿಡೀ ಇಂಥ ಅಕ್ಷರಗಳ ಜೊತೆಯೇ ಬಾಳುವೆ. ನಿಮ್ಮನ್ನು ಬೈದವರು ಒಬ್ಬರೇ. ಹುಷಾರಾಗಿರಬೇಕಾದವರು ಇನ್ನೊಬ್ಬರು. ಉಳಿದವರೆಲ್ಲ ನಿಮ್ಮ ಕಡೆಯೇ ಇದ್ದಾರೆ.

ಓಪಿ ಅಂದರೆ ನೀವೇ. ಒರಿಜಿನಲ್ ಪೋಸ್ಟರ್, ಪ್ರಶ್ನೆ ಎತ್ತಿದವರು. ಹೆಸರು ಗೊತ್ತಿಲ್ಲದವರನ್ನು ಹಾಗೆ ಕರೆಯುತ್ತಾರೆ, ನಾವು "ಆ ಅಂಗಡಿಯವರು" ಅಂದ ಹಾಗೆ. ಆ ಮೂರನೆಯವರು ಕೇಳಿದ್ದು ಮಷಿನ್ ಫೋಟೊ. ಫಾಲೋಯಿಂಗ್ ಅಂದವರಿಗೆ ಉತ್ತರ ಗೊತ್ತಿಲ್ಲ, ಅವರಿಗೂ ಅದೇ ತೊಂದರೆ ಇರಬೇಕು, ಇಲ್ಲಿ ಏನು ಬರುತ್ತದೋ ತಿಳಿಯಲಿ ಅಂತ ಕಾಯುತ್ತಿದ್ದಾರೆ. ಬಂಪ್ ಅಂದವರೂ ಹೆಚ್ಚು ಕಡಿಮೆ ಹಾಗೇ. ಹೊಸ ಮಾತು ಬಿದ್ದರೆ ಪ್ರಶ್ನೆ ಪಟ್ಟಿಯ ಮೇಲಕ್ಕೆ ಬರುತ್ತದೆ, ಅಷ್ಟಕ್ಕೇ ಒಂದು ತಳ್ಳು ಕೊಟ್ಟಿದ್ದಾರೆ. ಆದರೆ ವರ್ಷಗಟ್ಟಲೆ ಹಳೆಯ ಪ್ರಶ್ನೆಗೆ ಬಂಪ್ ಹಾಕಿದರೆ ಕೆಲವು ಕಡೆ ಸಿಟ್ಟಾಗುತ್ತಾರೆ. ಅದಕ್ಕೆ ನೆಕ್ರೋ ಅಂತ ಬೇರೆ ಹೆಸರೇ ಇದೆ, ಸತ್ತದ್ದನ್ನು ಎಬ್ಬಿಸುವುದು.

ಈಗ ಮುಖ್ಯವಾದದ್ದು. ಐಐಆರ್‌ಸಿ ಅಂದರೆ ಇಫ್ ಐ ರಿಕಾಲ್ ಕರೆಕ್ಟ್ಲಿ, "ನನ್ನ ನೆನಪು ಸರಿ ಇದ್ದರೆ". ವೈಎಂಎಂವಿ ಅಂದರೆ ಯುವರ್ ಮೈಲೇಜ್ ಮೇ ವೇರಿ. ಇದು ಅಮೆರಿಕದ ಕಾರ್ ಜಾಹೀರಾತಿನಿಂದ ಬಂದ ಮಾತು. ಸರ್ಕಾರ ಅಳೆದ ಮೈಲೇಜ್ ಇಷ್ಟು, ನಿಮ್ಮ ಗಾಡಿ ಎಷ್ಟು ಕೊಡುತ್ತದೋ ಅದು ಬೇರೆ ಮಾತು ಅಂತ ಜಾಹೀರಾತಿನಲ್ಲಿ ಹಾಕುತ್ತಿದ್ದರು. ಇಲ್ಲಿ ಅದರ ಅರ್ಥ, "ನನಗೆ ಹೀಗೆ ಸರಿಹೋಯಿತು, ನಿಮಗೆ ಬೇರೆ ಆಗಬಹುದು". ಎಚ್‌ಟಿಎಚ್ ಅಂದರೆ ಹೋಪ್ ದಿಸ್ ಹೆಲ್ಪ್ಸ್, ಸಹಾಯ ಆಗಲಿ ಅಂತ ಸೌಜನ್ಯಕ್ಕೆ. ಇಡೀ ಗುಂಪಿನಲ್ಲಿ ನಿಮಗೆ ನಿಜವಾದ ಉತ್ತರ ಕೊಟ್ಟವರು ಇವರೊಬ್ಬರೇ.

ಗಮನಿಸಿ ಅಕ್ಕಾ, ಇವುಗಳಲ್ಲಿ ಜಾಸ್ತಿ ಪಾಲು ವಿಷಯ ಹೇಳುವುದೇ ಇಲ್ಲ. ಹೇಳುವವನಿಗೆ ಎಷ್ಟು ಗ್ಯಾರಂಟಿ ಇದೆ ಅನ್ನುವುದನ್ನು ಹೇಳುತ್ತವೆ. ಎಎಫ್ಎಐಕೆ ಅಂದರೆ "ನನಗೆ ಗೊತ್ತಿರುವ ಮಟ್ಟಿಗೆ". ಐಎಂಒ ಅಂದರೆ "ನನ್ನ ಅಭಿಪ್ರಾಯದಲ್ಲಿ", ಅದರಲ್ಲೇ ಎಚ್ ಸೇರಿ ಐಎಂಎಚ್ಒ ಆದರೆ "ನನ್ನ ವಿನಮ್ರ ಅಭಿಪ್ರಾಯ", ಆದರೆ ಹಾಗೆ ಬರೆಯುವವರಲ್ಲಿ ವಿನಯ ಇರುವುದು ಅಪರೂಪ. ಎಫ್‌ಡಬ್ಲ್ಯೂಐಡಬ್ಲ್ಯೂ ಅಂದರೆ "ಬೆಲೆ ಇದೆಯೋ ಇಲ್ಲವೋ, ಹೇಳುತ್ತೇನೆ". ನಾವು ಇದನ್ನೆಲ್ಲ ವಾಕ್ಯದ ಬಾಲದಲ್ಲಿ ಮುಗಿಸುತ್ತೇವೆ. ಬರ್ತಾರಂತೆ, ಬರಬಹುದು, ಬರ್ತಾರೆ ಅನ್ಸುತ್ತೆ, ಬರ್ತಾರೇನೋ. ನಾಲ್ಕಕ್ಕೂ ಬೇರೆ ಬೇರೆ ತೂಕ ಇದೆ, ಅಲ್ವಾ? ಅವರು ಅದನ್ನು ತಲೆಗೋ ಬಾಲಕ್ಕೋ ಅಕ್ಷರ ಅಂಟಿಸಿ ಹೇಳುತ್ತಾರೆ. ಆದ್ದರಿಂದ ಗೊತ್ತಿಲ್ಲದ ಅಕ್ಷರ ಸಿಕ್ಕಿದರೆ ಮೊದಲು ಅದನ್ನು ಬಿಟ್ಟು ಉಳಿದ ವಾಕ್ಯ ಓದಿ. ಅರ್ಥ ಆದರೆ ಆ ಅಕ್ಷರ ಬರೀ ತೂಕಕ್ಕೆ ಇದೆ ಅಂತ ತಿಳಿಯಿರಿ.

ಅಕ್ಷರವೇ ಇಡೀ ಮಾತಾದರೆ ಮಾತ್ರ ಎಚ್ಚರ. ಆರ್‌ಟಿಎಫ್‌ಎಂ ಹಾಗೆ. "ಮ್ಯಾನ್ಯುಯಲ್ ಓದು" ಅಂತ ಅರ್ಥ, ನಡುವಿನ ಎಫ್ ಬೈಗುಳ. ಮರ್ಯಾದಸ್ಥರು ಅದು "ಫೈನ್" ಅಂತ ನಗುತ್ತಾರೆ. ಎಸ್‌ಎಂಎಚ್ ಅಂದರೆ ಶೇಕಿಂಗ್ ಮೈ ಹೆಡ್, "ಏನ್ ಜನಾನೋ" ಅಂತ ತಲೆ ಆಡಿಸುವುದು. ಅದು ನಿಮ್ಮ ಮೇಲಲ್ಲ. ನಿಮ್ಮನ್ನು ಬೈದವನ ಕೆಳಗೆ ಬಂದಿದೆ, ಲೈಕೂ ಅದಕ್ಕೇ. ಅಂದರೆ ಗುಂಪು ನಿಮ್ಮ ಪರವಾಗಿದೆ. ಯಾವ ಮಾತಿನ ಕೆಳಗೆ ಬಂತು ಅಂತ ನೋಡದೆ ಓದಿದರೆ ಹೊಗಳಿಕೆಯೂ ಬೈಗುಳದ ಹಾಗೆ ಕಾಣುತ್ತದೆ.

ಕೊನೆಯವರು. ಡಿಎಂ ಅಂದರೆ ಡೈರೆಕ್ಟ್ ಮೆಸೇಜ್, ಪಕ್ಕಕ್ಕೆ ಕರೆದು ಮಾತಾಡುವುದು. ಒಳ್ಳೆಯವರೂ ಕರೆಯುತ್ತಾರೆ. ಆದರೆ ಎಲ್ಲರ ಮುಂದೆ ಹೇಳಬಹುದಾದ ಮಷಿನ್ ವಿಷಯಕ್ಕೆ ಪಕ್ಕಕ್ಕೆ ಯಾಕೆ ಬೇಕು? ಅಲ್ಲಿ ಹೋದ ಮೇಲೆ ಅಡ್ವಾನ್ಸ್ ಕಳಿಸಿ, ಈ ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ತೋರಿಸಿ, ಓಟಿಪಿ ಹೇಳಿ ಅಂದರೆ ಅಲ್ಲಿಗೇ ಬಿಡಿ. ದುಡ್ಡು ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು, ಸೈಬರ್ ವಂಚನೆಗೆ ದೇಶಕ್ಕೆಲ್ಲ ಅದೊಂದೇ ನಂಬರ್.


ಹಿರಿಯೂರು_ಕ್ರೋಶಾ:

ತಮ್ಮ ಚೆನ್ನಾಗಿ ಹೇಳಿದ್ದಾನೆ, ಆದರೆ ಮಷಿನ್ ವಿಷಯ ಬಿಟ್ಟೇಬಿಟ್ಟ. ನಾನು ಹೇಳುತ್ತೇನೆ ಅಕ್ಕಾ. ಆ ಎರಡನೆಯವರು ಹೇಳಿದ್ದು ಸರಿ. ಓವರ್‌ಲಾಕ್‌ಗೆ ದಾರ ಪೋಣಿಸುವುದಕ್ಕೆ ಕ್ರಮ ಇದೆ. ಸಾಮಾನ್ಯವಾಗಿ ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಕೊನೆಗೆ ಸೂಜಿಗಳು. ಕೆಳಗಿನ ಲೂಪರ್ ದಾರ ಕಟ್ ಆದಾಗ ನಾವೇನು ಮಾಡುತ್ತೇವೆ, ಅದೊಂದನ್ನೇ ಪೋಣಿಸಿ ಹೊಲಿಯುತ್ತೇವೆ. ಆಗ ಅದು ಸೂಜಿ ದಾರದ ತಪ್ಪು ಬದಿಗೆ ಸಿಕ್ಕಿಕೊಂಡು ಮತ್ತೆ ಕಟ್ ಆಗುತ್ತದೆ. ಸೂಜಿ ದಾರ ಎರಡನ್ನೂ ತೆಗೆದುಬಿಡಿ, ಲೂಪರ್ ಪೋಣಿಸಿ, ಆಮೇಲೆ ಸೂಜಿಗೆ ಬನ್ನಿ. ಸೂಜಿ ಬಗ್ಗಿದೆಯಾ ನೋಡಿ, ಪೋಣಿಸುವಾಗ ಬಟ್ಟೆ ಒತ್ತುವ ಮಷಿನ್ ಪಾದ ಎತ್ತಿರಲಿ.

ಇನ್ನು ಆ ಗುಂಪುಗಳಲ್ಲಿ ಹೊಲಿಗೆಯವರದೇ ಬೇರೆ ಅಕ್ಷರಗಳಿವೆ. ಸಾಫ್ಟ್‌ವೇರ್‌ನವರಿಗೆ ಅವು ಗೊತ್ತಿರುವುದಿಲ್ಲ. ಆರ್‌ಎಸ್‌ಟಿ ಅಂದರೆ ರೈಟ್ ಸೈಡ್ಸ್ ಟುಗೆದರ್, ಬಟ್ಟೆಯ ಮೇಲ್ಬದಿಗಳು ಒಂದಕ್ಕೊಂದು ತಾಗುವಂತೆ ಇಡುವುದು. ಆರ್ ಜಾಗದಲ್ಲಿ ಡಬ್ಲ್ಯೂ ಬಂದರೆ ಒಳಬದಿಗಳು. ಎಸ್ಎ ಅಂದರೆ ಸೀಮ್ ಅಲವೆನ್ಸ್, ಹೊಲಿಗೆಗೆ ಬಿಡುವ ಅಂಚು. ಅಮೆರಿಕದವರು ಅದನ್ನು ಇಂಚಿನಲ್ಲಿ ಹೇಳುತ್ತಾರೆ, ಯುರೋಪಿನವರು ಸೆಂಟಿಮೀಟರಿನಲ್ಲಿ, ನೋಡಿಕೊಂಡು ಕತ್ತರಿಸಿ. ಡಬ್ಲ್ಯೂಐಪಿ ಅಂದರೆ ಕೈಯಲ್ಲಿರುವ ಕೆಲಸ. ಯುಎಫ್ಒ ನೋಡಿ ಹಾರುವ ತಟ್ಟೆ ಅಂದುಕೊಳ್ಳಬೇಡಿ, ಅನ್‌ಫಿನಿಶ್ಡ್ ಆಬ್ಜೆಕ್ಟ್, ಶುರು ಮಾಡಿ ಮೂಲೆಗೆ ಬಿಸಾಕಿದ್ದು. ನನ್ನ ಬೀರುವಿನಲ್ಲಿ ಒಂದು ಪಡೆಯೇ ಇದೆ.

ಫ್ರಾಗಿಂಗ್ ಅಂತ ಒಂದಿದೆ. ಹೆಣೆದದ್ದನ್ನು ಬಿಚ್ಚಿಹಾಕುವುದು. ಇಂಗ್ಲಿಷಿನಲ್ಲಿ ಬಿಚ್ಚು ಅನ್ನುವುದಕ್ಕೆ ರಿಪ್ ಇಟ್ ಅಂತಾರೆ, ಅದು ಅವರ ಕಪ್ಪೆ ಕೂಗಿದ ಹಾಗೆ ಕೇಳುತ್ತದಂತೆ. ನಮ್ಮ ಕಪ್ಪೆ ವಟಗುಟ್ಟುತ್ತದೆ, ಅದಕ್ಕೆ ನಮಗೆ ಆ ತಮಾಷೆ ಹತ್ತುವುದಿಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಎಸ್‌ಎಬಿಎಲ್‌ಇ. ಸೇಬಲ್ ಅಂತ ಓದುತ್ತಾರೆ. ಈ ಜನ್ಮದಲ್ಲಿ ಹೊಲಿದು ಮುಗಿಸಲಾರದಷ್ಟು ಬಟ್ಟೆ, ನೂಲು ಕೂಡಿಟ್ಟವರು ಅಂತ ಅರ್ಥ. ಅಕ್ಕಾ, ನಿಮ್ಮ ಕಸ್ಟಮರ್‌ಗಳಲ್ಲೇ ಎಷ್ಟು ಜನ ಸಿಗುತ್ತಾರೆ ಎಣಿಸಿ.


ನಿಟ್ಟುವಳ್ಳಿ_ಟೈಲರ್:

ಅಯ್ಯೋ, ಸೂಜಿ ದಾರ ಬಿಚ್ಚಿ ಮತ್ತೆ ಪೋಣಿಸಿದೆ, ಓಡುತ್ತಿದೆ ರೀ! ತುಂಬಾ ಥ್ಯಾಂಕ್ಸ್. ಆ ಡಿಎಂ ಮನುಷ್ಯನಿಗೆ ಉತ್ತರ ಕೊಡಲಿಲ್ಲ, ಬಿಟ್ಟೆ. ಆರ್‌ಟಿಎಫ್‌ಎಂ ಅಂದವನಿಗೆ ಏನಾದರೂ ಹೇಳಬೇಕಾ? ಸೆಕೆಂಡ್ ಹ್ಯಾಂಡ್ ಮಷಿನ್‌ಗೆ ಮ್ಯಾನ್ಯುಯಲ್ ಯಾರು ಕೊಡುತ್ತಾರೆ ಅಂತ ಕೇಳಬೇಕು ಅನಿಸುತ್ತಿದೆ.


ಪಿಬಿ_ರೋಡ್_ಹುಡುಗ:

ಅದನ್ನೇ ಕೇಳಿ, ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಮಷಿನ್ ಸರಿಹೋಯಿತು, ಹೀಗೆ ಹೀಗೆ ಮಾಡಿದೆ ಅಂತಲೂ ಅಲ್ಲಿ ಬರೆಯಿರಿ. ಫಾಲೋಯಿಂಗ್ ಅಂದವರು ಅದಕ್ಕೇ ಕಾಯುತ್ತಿದ್ದಾರೆ. ಹಳೆಯ ಪೋಸ್ಟ್‌ನಲ್ಲೇ ಸೇರಿಸುವುದಾದರೆ ಮುಂದೆ ಇಟಿಎ ಅಂತ ಹಾಕಿ. ಆಫೀಸಿನಲ್ಲಿ ಇಟಿಎ ಅಂದರೆ ಬಂದು ತಲುಪುವ ಹೊತ್ತು, ಇಂಥ ಗುಂಪುಗಳಲ್ಲಿ ಎಡಿಟೆಡ್ ಟು ಆ್ಯಡ್, ಆಮೇಲೆ ಸೇರಿಸಿದ್ದು. "ಸಿಕ್ಕಿತು, ಬಿಡಿ" ಅಂತ ಬರೀ ಎನ್‌ವಿಎಂ ಹಾಕಿ ಹೋಗುವವರ ಮೇಲೆ ನನಗೆ ಭಾರಿ ಸಿಟ್ಟು. ಹೇಗೆ ಸಿಕ್ಕಿತು ಅಂತ ಹೇಳಿ ಹೋಗಬಾರದಾ? ಎಷ್ಟೋ ಸಲ ನನ್ನದೇ ತೊಂದರೆ ಬೇರೆ ಯಾರೋ ಕೇಳಿರುತ್ತಾರೆ, ಕೆಳಗೆ ನೋಡಿದರೆ ಅವರೇ "ಎನ್‌ವಿಎಂ, ಫಿಕ್ಸ್ಡ್" ಅಂತ ಬರೆದು ಮಾಯ.


ಕೋಟೆ_ಕಲ್ಲು:

ಓದಿದೆ. ನಾನು ಚಿತ್ರದುರ್ಗದವನು, ಇಂಥದ್ದು ಕಂಡರೆ ನನಗೆ ಆಗುವುದಿಲ್ಲ. ಒಂದು ಮಷಿನ್ ದಾರ ಪೋಣಿಸುವ ಮಾತಿಗೆ ಇಷ್ಟೊಂದು ಒಗಟು ಬೇಕಾ? ಪೂರ್ತಿ ಬರೆದರೆ ಬೆರಳು ಸವೆಯುತ್ತದಾ? ಮೊನ್ನೆ ನಮ್ಮ ಬಂಧುಗಳ ಗುಂಪಿನಲ್ಲಿ ಒಬ್ಬರು ತೀರಿಕೊಂಡ ಸುದ್ದಿ ಬಂತು. ಅದರ ಕೆಳಗೆ ಆರ್‌ಐಪಿ, ಆರ್‌ಐಪಿ, ಆರ್‌ಐಪಿ. ಮೂರಕ್ಷರ ಒತ್ತಿ ಮುಂದೆ ಹೋಗುವುದು. ಸತ್ತವರಿಗೆ ಒಂದು ಪೂರ್ತಿ ವಾಕ್ಯ ಸಿಗಬಾರದಾ? ಇಂಗ್ಲಿಷಿನವರು ಏನಾದರೂ ಮಾಡಿಕೊಳ್ಳಲಿ, ನಾವು ಯಾಕೆ ಕಲಿಯಬೇಕು ಅನ್ನುವುದು ನನ್ನ ಪ್ರಶ್ನೆ.


ತಂತಿ_ಮನೆ:

ಆರ್‌ಐಪಿ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ ಸರ್. ಉಳಿದದ್ದಕ್ಕೆ ಜಗಳ ಇದೆ. ನಾನು ತಂತಿ ಇಲಾಖೆಯಲ್ಲಿ ಕೆಲಸ ಮಾಡಿ ರಿಟೈರ್ ಆದವನು. ಅಕ್ಷರ ಕಡಿಮೆ ಮಾಡುವುದು ಈ ಮಕ್ಕಳು ಕಂಡುಹಿಡಿದದ್ದಲ್ಲ. ಬೆಳಗಾದರೆ ಗುಂಪಿಗೆ ಜಿಎಂ ಅಂತ ಹಾಕುತ್ತಾರಲ್ಲ, ಅದು ಟೆಲಿಗ್ರಾಂ ಕಳಿಸಲು ಮೋರ್ಸ್ ಕೀಲಿ ಕುಟ್ಟುವವರ ಹಳೆಯ ರೂಢಿ. ಎದುರಿನ ಆಪರೇಟರ್‌ಗೆ ಜಿಎಂ, ಥ್ಯಾಂಕ್ಸ್‌ಗೆ ಟಿಕೆಎಸ್. 73 ಅಂದರೆ ಶುಭಾಶಯ, 88 ಅಂದರೆ ಮುತ್ತು, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ರೇಡಿಯೊದವರು ಇವತ್ತಿಗೂ ಹೇಳುತ್ತಾರೆ. ಟೆಲಿಗ್ರಾಂಗೆ ಪದದ ಲೆಕ್ಕದಲ್ಲಿ ದುಡ್ಡು. ಮದುವೆಗೆ, ಹಬ್ಬಕ್ಕೆ ಹಾರೈಕೆಯ ವಾಕ್ಯಗಳಿಗೆ ನಂಬರ್ ಇತ್ತು, ನಂಬರ್ ಹೇಳಿದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ಬರೆದುಕೊಡುತ್ತಿದ್ದರು. 2013ರ ಜುಲೈ 14ಕ್ಕೆ ನಮ್ಮ ದೇಶದಲ್ಲಿ ಟೆಲಿಗ್ರಾಂ ಮುಗಿಯಿತು. ಜನ ಬಿಡಿ ಅಕ್ಷರ ಬಿಡಲಿಲ್ಲ.

ಪೂರ್ತಿ ಕನ್ನಡದಲ್ಲಿ ಬರೆಯಬಾರದಾ ಅಂತೀರಿ. ಎಸ್‌ಎಂಎಸ್ ಕಾಲದಲ್ಲಿ ಅದಕ್ಕೂ ಅಡ್ಡಿ ಇತ್ತು. ಮೊದಲ ಎಸ್‌ಎಂಎಸ್ ಹೋದದ್ದು 1992ರ ಡಿಸೆಂಬರ್ 3ಕ್ಕೆ, ಇಂಗ್ಲೆಂಡಿನಲ್ಲಿ, "ಮೆರ‍್ರಿ ಕ್ರಿಸ್‌ಮಸ್" ಅಂತ. ಒಂದು ಮೆಸೇಜ್‌ಗೆ 140 ಬೈಟ್ ಜಾಗ, ಒಂದು ಬೈಟ್ ಅಂದರೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, ಹಾಗಾಗಿ 70 ಮಾತ್ರ. ಆ 70ರಲ್ಲೂ ಕೊಂಬು, ದೀರ್ಘ, ಒತ್ತು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. "ಸ್ತ್ರೀ" ಅಂತ ಒಂದು ಬರೆದರೆ ಆರು ಹೋಯಿತು! ಮತ್ತೆ ಯಾರು ಕನ್ನಡದಲ್ಲಿ ಬರೆಯುತ್ತಾರೆ? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಚಟ ನಮ್ಮವರಿಗೆ ಹತ್ತಿದ್ದರಲ್ಲಿ ಇದರ ಪಾಲು ದೊಡ್ಡದು ಅಂತ ನನ್ನ ಎಣಿಕೆ. ಕೀಪ್ಯಾಡ್‌ನಲ್ಲಿ ಕನ್ನಡ ಇಲ್ಲದ್ದು ಇನ್ನೊಂದು ಕಾರಣ.

ಇನ್ನು ನಮ್ಮದನ್ನೇ ನೋಡಿ. ಯಾವ ಲಗ್ನಪತ್ರಿಕೆಯಾದರೂ ತೆಗೆಯಿರಿ. ಚಿ||ರಾ||, ಚಿ||ಕುಂ||ಸೌ||, ತೀರಿಕೊಂಡ ಹಿರಿಯರಿಗೆ ಲಿಂ|| ಅಥವಾ ದಿ||. ಹೊರಗಿನವನಿಗೆ ಅದೂ ಒಗಟೇ ಅಲ್ವಾ? ಊರಿನಲ್ಲೂ ಅಷ್ಟೇ. ದಾವಣಗೆರೆಯಲ್ಲಿ ಪಿ.ಬಿ. ರೋಡ್ ಅನ್ನದವರಿಲ್ಲ, ಅದು ಪೂನಾ–ಬೆಂಗಳೂರು ಅಂತ ಎಷ್ಟು ಹುಡುಗರಿಗೆ ಗೊತ್ತು? ಡಿಸಿಎಂ ಟೌನ್‌ಶಿಪ್ ಅಂದರೆ ಹೊರಗಿನವರು ಉಪಮುಖ್ಯಮಂತ್ರಿ ಕಟ್ಟಿಸಿದ್ದು ಅಂದುಕೊಳ್ಳುತ್ತಾರೆ, ಅದು ದಾವಣಗೆರೆ ಕಾಟನ್ ಮಿಲ್. ಎಂ.ಸಿ.ಸಿ. ಬಿ ಬ್ಲಾಕ್ ಅಂತ ಆಟೊದವನಿಗೆ ಹೇಳಿದರೆ ನೇರ ಮನೆ ಮುಂದೆ ಇಳಿಸುತ್ತಾನೆ, ಬಿಡಿಸಿ ಹೇಳು ಅಂತ ಕೇಳುವುದಿಲ್ಲ.


ಕೋಟೆ_ಕಲ್ಲು:

ಲಗ್ನಪತ್ರಿಕೆ ಓದುವವರು ಎಲ್ಲರೂ ಒಂದೇ ಕಡೆಯವರು, ಗೊತ್ತಿರುತ್ತದೆ. ಎಂ.ಸಿ.ಸಿ.ಯೂ ಊರವರಿಗೆ ಮಾತ್ರ. ಆದರೆ ಈ ಟೈಲರ್ ತಾಯಿ ಹೊಸಬರಾಗಿ ಹೋದವರು. ಹೊಸಬರು ಪ್ರಶ್ನೆ ಕೇಳಿದಾಗ ಒಗಟಿನಲ್ಲಿ ಉತ್ತರ ಕೊಡುವುದು ಮನೆಗೆ ಬಂದವರ ಮುಂದೆ ಗುಟ್ಟು ಮಾತಾಡಿದಂತೆ. ನನ್ನ ಸಿಟ್ಟು ಅಷ್ಟಕ್ಕೇ.


ನೈಟ್_ಡ್ಯೂಟಿ:

ಕೋಟೆ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಸ್ಟಾಫ್ ನರ್ಸ್, ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ. ನಮ್ಮಲ್ಲಿ ಅಕ್ಷರ ತಪ್ಪಿದರೆ ಬರೀ ನಗೆಪಾಟಲಲ್ಲ. ಚೀಟಿಯಲ್ಲಿ ಓಡಿ ಅಂದರೆ ದಿನಕ್ಕೊಂದು ಸಲ. ಕಣ್ಣಿನ ಡಾಕ್ಟರ್ ಬರೆದರೆ ಬಲಗಣ್ಣು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಓವರ್‌ಡೋಸ್! ಪೇಷಂಟ್ ಕಡೆಯವರು ಮೊಬೈಲ್ ಹಿಡಿದು ಗಾಬರಿಯಾಗಿ ಬರುತ್ತಾರೆ, ಪಾಪ. ಎಸ್ಒಎಸ್ ಅಂದರೆ ಜೀವ ಹೋಗುವ ಹೊತ್ತು ಅಂದುಕೊಳ್ಳುತ್ತಾರೆ, ಚೀಟಿಯಲ್ಲಿ ಅದು ಲ್ಯಾಟಿನ್, ಬೇಕಾದಾಗ ಮಾತ್ರ ತಗೊಳ್ಳಿ ಅಂತ. ಡಿಎಂ ನಮಗೆ ಸಕ್ಕರೆ ಕಾಯಿಲೆ. ಯಾರೋ ಪೋಸ್ಟ್ ಕೊನೆಯಲ್ಲಿ ಟಿಐಎ ಅಂತ ಹಾಕಿದರೆ ಥ್ಯಾಂಕ್ಸ್ ಇನ್ ಅಡ್ವಾನ್ಸ್, ಮುಂಗಡ ಧನ್ಯವಾದ. ನಮ್ಮ ಕೇಸ್ ಶೀಟ್‌ನಲ್ಲಿ ಟಿಐಎ ಅಂದರೆ ಮೆದುಳಿಗೆ ಸ್ವಲ್ಪ ಹೊತ್ತು ರಕ್ತ ನಿಂತು ಹೋಗುವುದು, ಪಾರ್ಶ್ವವಾಯುವಿನ ಮುನ್ಸೂಚನೆ.

ಇನ್ಸುಲಿನ್ ಬರೆಯುವಾಗ ಯೂನಿಟ್ ಅನ್ನುವುದಕ್ಕೆ ಇಂಗ್ಲಿಷಿನ ಯು ಅಂತ ಒಂದೇ ಅಕ್ಷರ ಹಾಕಬೇಡಿ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಕೈಬರಹದಲ್ಲಿ ಅದು ಸೊನ್ನೆಯ ಹಾಗೆ ಕಂಡರೆ 4 ಹೋಗಿ 40 ಆಗುತ್ತದೆ. ಪೂರ್ತಿ "ಯೂನಿಟ್" ಅಂತಲೇ ಬರೆಯಬೇಕು. ಮದ್ದು, ದುಡ್ಡು, ವಿಳಾಸ ಈ ಮೂರರಲ್ಲಿ ಅಕ್ಷರ ಉಳಿಸಬಾರದು. ಉಳಿದ ಕಡೆ ಏನಾದರೂ ಮಾಡಿಕೊಳ್ಳಿ.


ಜಿಜಿ_ದಾವಣಗೆರೆ:

ಇಲ್ಲಿ ಎಲ್ಲರೂ ದೊಡ್ಡವರೇ ಇದ್ದೀರಿ, ಇಂಜಿನಿಯರಿಂಗ್ ಓದುವವನು ನಾನೊಬ್ಬನೇ ಅನಿಸುತ್ತದೆ. ಟೈಲರ್ ಆಂಟಿ, ಪಿಬಿ ರೋಡ್ ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಸ್ವಲ್ಪ ಹಳೇದು. ಐಎಂಎಚ್ಒ ಎಲ್ಲ ನಮ್ಮ ವಯಸ್ಸಿನವರು ಬಳಸುವುದು ಕಡಿಮೆ. ನಾವು ಎನ್‌ಜಿಎಲ್ ಅಂತೀವಿ, ಸುಳ್ಳು ಹೇಳಲ್ಲ ಅಂತ. ಟಿಬಿಎಚ್, ನಿಜ ಹೇಳಬೇಕಂದರೆ. ಕ್ಯಾಪ್ ಅಂದರೆ ಬುರುಡೆ, ನೋ ಕ್ಯಾಪ್ ಅಂದರೆ ಬುರುಡೆ ಅಲ್ಲ. ಸಸ್ ಅಂದರೆ ಅನುಮಾನ. ಯಾರಿಗಾದರೂ ಏನಾದರೂ ಕೆಟ್ಟರೆ ಬರೀ ಎಫ್ ಹಾಕುತ್ತೇವೆ. ಅದು ಒಂದು ವಿಡಿಯೊ ಗೇಮ್‌ನಿಂದ ಬಂದದ್ದು, ಶವಪೆಟ್ಟಿಗೆ ಮುಂದೆ ನಿಂತಾಗ ಗೌರವ ಸಲ್ಲಿಸಲು ಎಫ್ ಒತ್ತಿ ಅಂತ ತೋರಿಸುತ್ತಿತ್ತು. ಕೋಟೆ ಅಂಕಲ್, ನಿಮ್ಮ ಆರ್‌ಐಪಿಗಿಂತ ಎರಡಕ್ಷರ ಕಡಿಮೆ. ಸಾರಿ ಸಾರಿ, ನಿಜವಾದ ಸಾವಿಗೆ ಯಾರೂ ಹಾಕಲ್ಲ, ಫೋನ್ ಬಿದ್ದು ಒಡೆದರೆ ಹಾಕುತ್ತೇವೆ.

ನನ್ನ ಹೆಸರಿನ ಜಿಜಿ ಅಂದರೆ ಗುಡ್ ಗೇಮ್. ಆಟ ಮುಗಿದ ಮೇಲೆ ಎದುರಾಳಿಗೆ ಹೇಳುವುದು. ಸೋತವನು ಹೇಳಿದರೆ ಮರ್ಯಾದೆ. ಗೆದ್ದವನು ಆಟ ಮುಗಿಯುವ ಮುಂಚೆಯೇ ಹೇಳಿದರೆ ಹೊಟ್ಟೆ ಉರಿಸುವುದು. ಅಕ್ಷರ ಅದೇ, ಯಾವಾಗ ಯಾರು ಹೇಳಿದರು ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ.

ಎಲ್ಒಎಲ್ ಬಗ್ಗೆ ಯಾರೂ ಹೇಳಲೇ ಇಲ್ಲ. ಲಾಫಿಂಗ್ ಔಟ್ ಲೌಡ್, ಜೋರು ನಗು. ಬ್ರಿಟನ್ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರನ್ ಅದನ್ನು "ಲಾಟ್ಸ್ ಆಫ್ ಲವ್" ಅಂದುಕೊಂಡು ಮೆಸೇಜ್ ಕೊನೆಯಲ್ಲಿ ಹಾಕುತ್ತಿದ್ದರಂತೆ. 2012ರಲ್ಲಿ ಪತ್ರಿಕೆಗಳ ಮೇಲೆ ನಡೆದ ಲೆವೆಸನ್ ವಿಚಾರಣೆಯಲ್ಲಿ ಪತ್ರಿಕೆ ಸಂಪಾದಕಿಯಾಗಿದ್ದ ರೆಬೆಕಾ ಬ್ರೂಕ್ಸ್ ಎಲ್ಲರ ಮುಂದೆ ಹೇಳಿದ್ದು. ಈಗಂತೂ ಎಲ್ಒಎಲ್ ಬರೆಯುವವನು ನಗುತ್ತಿರುವುದೇ ಇಲ್ಲ. "ಲೇಟಾಗುತ್ತೆ ಎಲ್ಒಎಲ್" ಅಂದರೆ ಸಿಟ್ಟಾಗಬೇಡ ಅಂತ. ನಿಜವಾಗಿ ನಗು ಬಂದರೆ ಅಳುವ ಮುಖ ಹಾಕುತ್ತೇವೆ, ಇಲ್ಲವೇ ತಲೆಬುರುಡೆ, ನಕ್ಕು ಸತ್ತೆ ಅಂತ. ಆ ನಗುತ್ತಾ ಕಣ್ಣೀರು ಸುರಿಸುವ ಮುಖ ಇದೆಯಲ್ಲ, 2015ರಲ್ಲಿ ಆಕ್ಸ್‌ಫರ್ಡ್‌ ನಿಘಂಟಿನವರು ಅದನ್ನೇ ವರ್ಷದ ಪದ ಅಂದಿದ್ದರು. ಈಗ ಅದನ್ನು ನಮ್ಮಮ್ಮ ಹಾಕುತ್ತಾರೆ, ನಾವು ಬಿಟ್ಟೆವು.

ತಂತಿ ಅಂಕಲ್‌ಗೆ ಇಷ್ಟವಾಗುವ ಒಂದು ವಿಷಯ. ಒಎಂಜಿ, ಅಂದರೆ ಓ ಮೈ ಗಾಡ್, ನಮ್ಮ ಕಾಲದ್ದಲ್ಲ. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಫಿಶರ್ 1917ರಲ್ಲೇ ಚರ್ಚಿಲ್‌ಗೆ ಬರೆದ ಪತ್ರದಲ್ಲಿ ಒಎಂಜಿ ಅಂತ ಹಾಕಿ ಪಕ್ಕದಲ್ಲೇ ಬಿಡಿಸಿ ಬರೆದಿದ್ದಾರೆ. ಓದುವವರಿಗೆ ಗೊತ್ತಿರಲಿಕ್ಕಿಲ್ಲ ಅಂತ ಬಿಡಿಸಿದ್ದಾರಲ್ಲ, ಕೋಟೆ ಅಂಕಲ್ ಕೇಳುತ್ತಿರುವುದೂ ಅದನ್ನೇ.

ಒಂದು ಮಾತ್ರ ಆಂಟಿ ಕಲಿತಿರಬೇಕು. ವಾಕ್ಯದ ಕೊನೆಗೆ ಓರೆಗೆರೆ ಹಾಕಿ ಎಸ್ ಅಂತ ಇದ್ದರೆ ವ್ಯಂಗ್ಯ, ಹೇಳಿದ್ದರ ಉಲ್ಟಾ ತಗೊಳ್ಳಿ. ಮುಖ ಕಾಣುವುದಿಲ್ಲ, ದನಿ ಕೇಳುವುದಿಲ್ಲ, ಅದಕ್ಕೆ ಆ ಗುರುತು. ಈ ಕಷ್ಟಕ್ಕೇ 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಸ್ಕಾಟ್ ಫಾಲ್ಮನ್ ಅನ್ನುವವರು ಕೋಲನ್, ಅಡ್ಡಗೆರೆ, ಬ್ರ್ಯಾಕೆಟ್ ಸೇರಿಸಿ ಮಲಗಿದ ನಗುಮುಖ ಮಾಡಿದರು. ತಮಾಷೆಗೆ ಹೇಳಿದ್ದು ಯಾವುದು, ನಿಜಕ್ಕೆ ಹೇಳಿದ್ದು ಯಾವುದು ಅಂತ ಅಲ್ಲಿನವರಿಗೆ ಗೊಂದಲ ಆಗುತ್ತಿತ್ತಂತೆ.

ಮತ್ತೆ ಬೇಕಂತಲೇ ಸಿಟ್ಟು ಬರಿಸುವವರಿದ್ದಾರೆ. ಮೊದಲೆಲ್ಲ ಅವರಿಗೆ ಟ್ರೋಲ್ ಅಂತಿದ್ದರು. ನಮ್ಮ ಟಿವಿಯವರು ಯಾರನ್ನೇ ಗೇಲಿ ಮಾಡಿದರೂ "ಟ್ರೋಲ್ ಆದರು" ಅಂತಾರೆ, ಅದು ಬೇರೆ. ಸಿಟ್ಟು ಬರಿಸಿ ವ್ಯೂಸ್ ಎಣಿಸಿಕೊಳ್ಳುವ ಪೋಸ್ಟ್‌ಗೆ ಈಗ ರೇಜ್ ಬೇಟ್ ಅನ್ನುತ್ತಾರೆ, 2025ಕ್ಕೆ ಆಕ್ಸ್‌ಫರ್ಡ್‌ನವರ ಪದ ಅದೇ. ಬೆಣ್ಣೆ ದೋಸೆಗೆ ಕೆಚಪ್ ಹಾಕಿ ವಿಡಿಯೊ ಬಿಟ್ಟು "ಇದೇ ಬೆಸ್ಟ್" ಅಂದರೆ ದಾವಣಗೆರೆಯವರೆಲ್ಲ ಬಂದು ಬೈಯುತ್ತಾರೆ, ಅವನಿಗೆ ಬೇಕಾದದ್ದೂ ಅದೇ. ಬೈದರೂ ಅವನಿಗೆ ಲಾಭ. ಸುಮ್ನೆ ಮುಂದೆ ಹೋಗಬೇಕು.


ನಿಟ್ಟುವಳ್ಳಿ_ಟೈಲರ್:

ಕೆಚಪ್ ಅಂದ ಕೂಡಲೇ ನನಗೇ ಸಿಟ್ಟು ಬಂತಪ್ಪ. ಒಂದು ಕೇಳಲಾ ಮಗಾ? ನನ್ನ ಮಗಳು ಹಾಸ್ಟೆಲ್‌ನಲ್ಲಿ ಇದ್ದಾಗ ನಾನು ಇಷ್ಟುದ್ದ ಮೆಸೇಜ್ ಹಾಕಿದರೆ ಅವಳು "ಕೆ" ಅಂತ ಒಂದೇ ಅಕ್ಷರ ಹಾಕುತ್ತಿದ್ದಳು. ಒಮ್ಮೊಮ್ಮೆ "ಕೆಕೆ". ಎರಡಕ್ಕೂ ವ್ಯತ್ಯಾಸ ಇದೆಯಾ?


ಜಿಜಿ_ದಾವಣಗೆರೆ:

ಇದೆ ಆಂಟಿ, ಅದು ದೊಡ್ಡ ವ್ಯತ್ಯಾಸ. ಕೆಕೆ ಅಂದರೆ ಸರಿ ಸರಿ, ಖುಷಿಯಾಗಿದ್ದಾಳೆ. ಬರೀ ಕೆ ಅಂದರೆ ಒಂದೋ ಕ್ಲಾಸ್‌ನಲ್ಲಿ ಇದ್ದಾಳೆ, ಇಲ್ಲವೇ ಮುನಿಸು. ಕೆ ಪಕ್ಕದಲ್ಲಿ ಫುಲ್‌ಸ್ಟಾಪ್ ಇದ್ದರೆ ಮುನಿಸು ಗ್ಯಾರಂಟಿ, ಫೋನ್ ಮಾಡಿ. ಫುಲ್‌ಸ್ಟಾಪ್ ವಿಷಯ ನಾನು ಸುಮ್ನೆ ಹೇಳುತ್ತಿಲ್ಲ, 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ಯೂನಿವರ್ಸಿಟಿಯವರು ಪರೀಕ್ಷೆ ಮಾಡಿದ್ದಾರೆ. ಒಂದೇ ಪದದ ಮೆಸೇಜ್ ಉತ್ತರಕ್ಕೆ ಫುಲ್‌ಸ್ಟಾಪ್ ಇದ್ದರೆ ಓದಿದವರಿಗೆ ಅದರಲ್ಲಿ ಮನಸ್ಸಿಲ್ಲ ಅನ್ನಿಸಿತಂತೆ. ಕೈಬರಹದ ಚೀಟಿಯಲ್ಲಿ ಅದೇ ಇದ್ದರೆ ಹಾಗೆ ಅನ್ನಿಸಲಿಲ್ಲವಂತೆ. ಆದ್ದರಿಂದ ನಮ್ಮಂಥವರಿಗೆ ಮೆಸೇಜ್ ಹಾಕುವಾಗ "ಸರಿ" ಅಂತ ಹಾಕಿ ಬಿಟ್ಟುಬಿಡಿ, ಚುಕ್ಕಿ ಇಡಬೇಡಿ.


ಕೋಟೆ_ಕಲ್ಲು:

ನಾನು ಇಡುತ್ತೇನೆ.